ಸುತ್ತಿ ನೋಡುವ ಮಾವ

ಜಗತ್ತಿನ ಮೋಸವೆಲ್ಲ ಹಿಂಭಾಗದಲ್ಲಿ ಅಡಗಿ ಕೂತಿರುತ್ತದೆ ಎಂಬುದು ಲೊಕ್ಕನಹಳ್ಳಿಯ ನನ್ನ ಸೋದರಮಾವನ ಸಿದ್ಧಾಂತ! ಎತ್ತು ಕೊಳ್ಳುವಾಗ ಒಂದು ಸುತ್ತು ಬಂದು ನೋಡುವುದು ಸರಿ, ಯಾರಾದರೂ ನೋಡುತ್ತಾರೆ. ಆದರೆ ಕುಂಬಳಕಾಯಿಗೆ? ಹೊಸ ಟಿವಿಗೆ? ಮನೆಗೆ ಬಂದ ಇನ್ಶೂರೆನ್ಸ್ ಏಜೆಂಟನಿಗೆ? ಆ ಪುಣ್ಯಾತ್ಮ ಮಾವನ ಜೊತೆಗೇ ತಿರುಗಿ ತಿರುಗಿ ಕತ್ತು ಉಳುಕಿಸಿಕೊಂಡ!

ಬಂಡಳ್ಳಿಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟೇ. ಕಾಫಿ ಲೋಟ ಹಿಡಿದುಕೊಂಡೇ ಎದ್ದು, ಹುಡುಗಿಯ ಸುತ್ತ ಒಂದು ಸುತ್ತು ಬಂದು, “ಉಂ, ಸರ್ಯಾಗದೆ. ಒಪ್ಗೆ” ಎಂದನಂತೆ. ಆ ಹುಡುಗಿಯೇ ನಮ್ಮತ್ತೆ. ಈ ಮಾತು ಎದ್ದಾಗಲೆಲ್ಲ ಅತ್ತೆ ಕೈಲಿದ್ದ ಸೊಪ್ಪನ್ನು ಇನ್ನಷ್ಟು ಜೋರಾಗಿ ಮುರಿಯುತ್ತಿದ್ದಳು.

ಹೀಗಿರುವಾಗ ಹೊನ್ನೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರೊಂದನ್ನು ಸುತ್ತುತ್ತಾ, ಪೂರ್ತಿ ಕಾಣಲೆಂದು ಹಿಂದೆ ಹಿಂದೆ ಸರಿದು, ಮಾವ ಕಾಲುವೆಗೆ ಬಿದ್ದ. ಎಲ್ಲರ ಹಿಂದೆ ನೋಡುವವನು ತನ್ನ ಹಿಂದೆ ನೋಡಿಕೊಂಡಿರಲಿಲ್ಲ! ಮಂಡಿ ಊದಿ ಕುಂಬಳಕಾಯಿಯಾಯಿತು.

ಕೊಳ್ಳೇಗಾಲದಲ್ಲಿ ಎಕ್ಸ್‌ರೇ ತೆಗೆಸಿದೆವು. ಕೂದಲೆಳೆಯಂಥ ಬಿರುಕು. ಆಪರೇಷನ್ ಬೇಕಾಗಬಹುದು, ಮೈಸೂರಿಗೆ ಹೋಗಿ ಎಂದರು ಅಲ್ಲಿನ ಡಾಕ್ಟರು. ಮಾವ ಫಿಲ್ಮನ್ನು ಬೆಳಕಿಗೆ ಹಿಡಿದ. ತಿರುಗಿಸಿದ. ಮತ್ತೆ ತಿರುಗಿಸಿದ.

“ಲೇ, ಇದ್ರ ಹಿಂದ್ಗಡೆ ಎಲ್ಲಿ?”

“ಮಾವ, ಎಕ್ಸ್‌ರೇಗೆ ಹಿಂದೆ ಮುಂದೆ ಎಲ್ಲಾ ಒಂದೇ.”

“ಹಿಂದೆ ಮುಂದೆ ಒಂದೇ ಆಗಿರೋದು ಯಾವುದ್ಲಾ ಅದೆ ಪರ್ಪಂಚದಲ್ಲಿ? ನೋಡ್ದೆ ನಾನು ಕುಯ್ಸ್ಕಳಾಕಿಲ್ಲ, ಓಗು!”

ಪಕ್ಕದಿಂದ ತೆಗೆದ ಫಿಲ್ಮೂ ಇತ್ತು. ಆದರೆ ಪಕ್ಕ ಎನ್ನುವುದು ಮಾವನ ಲೆಕ್ಕಕ್ಕೇ ಬರುವುದಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾನು ತರ್ಕ, ದೃಷ್ಟಾಂತ, ಕೊನೆಗೆ ಗದರಿಕೆ, ಎಲ್ಲ ಬಳಸಿ ಸೋತೆ. ಮೈಸೂರಿನ ಡಾಕ್ಟರಾದರೂ ನನ್ನ ಪರ ವಾದಿಸುತ್ತಾರೆಂದುಕೊಂಡರೆ, ಅವರು, “ಯಜಮಾನ್ರು ಕೇಳೋದು ಸರಿ. ಕೀಲಿನ ಮುರಿತ, ಸುತ್ತಲೂ ನೋಡ್ಬೇಕು. ತ್ರೀಡಿ ಸ್ಕ್ಯಾನ್ ಮಾಡ್ಸೋಣ” ಎಂದುಬಿಟ್ಟರು!

“ಡಾಕ್ಟ್ರು ನಮ್ ಪಾರ್ಟಿ ಕಣ್ಲಾ!” ಎಂದ ಮಾವ.

ಸ್ಕ್ಯಾನ್ ಮುಗಿಯಿತು. ಕಂಪ್ಯೂಟರ್ ಪರದೆಯ ಮೇಲೆ ಮಾವನ ಮಂಡಿ ಬೆಳ್ಳಗೆ ನಿಂತಿತ್ತು. ಡಾಕ್ಟರ್ ಮೌಸ್ ಎಳೆದರೆ ಮೂಳೆ ತಾನೇ ಒಂದು ಸುತ್ತು ಬರುತ್ತದೆ! ಮುಂದೆ ಅದೇ ಕೂದಲೆಳೆ. ಹಿಂದೆ ತಿರುಗಿದಾಗ ಮಾತ್ರ, ಜಾರಿದ ಹೆಂಚಿನಂತೆ ಒಂದು ಚೂರು ಮುರಿದು ಕುಸಿದಿರುವುದು ಕಂಡಿತು.

ವಾದದಲ್ಲಿ ಮಾವನೇ ಗೆದ್ದಿದ್ದ. ಆದರೆ ಮುಖದಲ್ಲಿ ಗೆಲುವಿರಲಿಲ್ಲ.

“ಇಂಗೇ ಬುಟ್ರೆ ಏನಾಯ್ತದೆ ಸಾ?”

“ಜನ್ಮಪೂರ್ತಿ ಕುಂಟ್ಬೇಕಾಗುತ್ತೆ.”

ಮಾವ ಅತ್ತೆಯ ಕಡೆ ನೋಡಿದ. “ಇವ್ಳು ನನ್ನ ಸುತ್ತಿ ನೋಡ್ಲೇ ಇಲ್ಲ ಸಾ. ಬರೀ ಮುಂದ್ಗಡೆ ನೋಡಿ ನಂಬ್ಕಂಡು ಬಂದ್ಬುಟ್ಲು. ಈಗ ಇವ್ಳಿಗೆ ಕುಂಟನ್ನ ಕಟ್ಟದು ಬ್ಯಾಡ. ಮಾಡ್ಬುಡಿ.”

ಆಪರೇಷನ್ ಆಯಿತು. ಕಾಲೂರಬಹುದು ಎಂದು ಡಾಕ್ಟರ್ ಹೇಳಿದ ದಿನ ಮಾವ ಊರಿನ ಮನೆಯಂಗಳದಲ್ಲಿ ವಾಕರ್ ಹಿಡಿದು ಎದ್ದು ನಿಂತ. ಕಾಲು ನಡುಗುತ್ತಿತ್ತು. ಹಿಡಿದುಕೊಳ್ಳಲು ಹೋದ ನನ್ನನ್ನು ಅತ್ತೆ ತಡೆದಳು.

“ಅಳ್ಳಾಡ್ಬ್ಯಾಡಿ, ನಿಂತ್ಕಳಿ” ಎಂದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾವನ ಸುತ್ತ ನಿಧಾನವಾಗಿ ಹೊರಟಳು. ಬೆನ್ನ ಹಿಂದೆ ಬಂದಾಗ ಒಂದು ಗಳಿಗೆ ನಿಂತು, ಮುಂಗೈಯಿಂದ ಕಣ್ಣೊರೆಸಿಕೊಂಡಳು. ಹಿಂಭಾಗದಲ್ಲಿ ನಡೆದದ್ದು, ಮಾವನಿಗೆ ಕಾಣಲಿಲ್ಲ.

ಆಮೇಲೆ ಮುಂದೆ ಬಂದು, ಅವನನ್ನೇ ದಿಟ್ಟಿಸಿ ಹೇಳಿದಳು:

“ಉಂ, ಸರ್ಯಾಗದೆ. ಒಪ್ಗೆ.”