ದಿವಾನದ ಪಕ್ಕದಲ್ಲೊಂದು ಘಾಟ್ಕೋಪರ್

ಸಣ್ಣ ಮನೆಯಲ್ಲಿ ದೊಡ್ಡ ಆಸೆ ಇಟ್ಟುಕೊಂಡವನು ದಿನಕ್ಕೊಮ್ಮೆಯಾದರೂ ನಗೆಪಾಟಲಿಗೆ ಈಡಾಗಲೇಬೇಕು. ನಾನು ಆಗುತ್ತಲೇ ಇದ್ದೇನೆ. ನಿವೃತ್ತನಾದ ದಿನ ಆಫೀಸಿನವರು ನನಗೊಂದು ಆಟದ ರೈಲಿನ ಸೆಟ್ ಉಡುಗೊರೆ ಕೊಟ್ಟರು. ಊಟದ ಹೊತ್ತಿನಲ್ಲಿ ನನ್ನ ಬಾಯಿಂದ ರೈಲಿನ ಮಾತು ಬಿಟ್ಟು ಬೇರೇನೂ ಕೇಳದೆ ಬೇಸತ್ತಿದ್ದರೋ ಏನೋ. ಅಂಗೈ ಉದ್ದದ ಎಂಜಿನ್, ಮೂರು ಡಬ್ಬಿ, ಒಂದು ರಾಶಿ ಹಳಿ. ಅದನ್ನು ಹಾಕುವ ಜಾಗವನ್ನು ಮಾತ್ರ ಕೊಡಲಿಲ್ಲ. ಮುಂಬಯಿಯಲ್ಲಿ ಅದನ್ನು ಯಾರೂ ಉಡುಗೊರೆ ಕೊಡುವುದಿಲ್ಲ.

೧. ಅಳತೆ

ಘಾಟ್ಕೋಪರಿನ ನಮ್ಮ ಮನೆಯೆಂದರೆ ಒಂದು ಹಾಲ್, ಒಂದು ಅಡುಗೆಮನೆ, ಮತ್ತು ಮಂಚ ಇಟ್ಟ ಮೇಲೆ ಬಾಗಿಲು ಪೂರ್ತಿ ತೆರೆಯದ ಒಂದು ಕೋಣೆ. ಟೇಪು ಹಿಡಿದು ಮೂಲೆಮೂಲೆ ಅಳೆದೆ. ಖಾಲಿ ಸಿಕ್ಕಿದ್ದು ಒಂದೇ ಜಾಗ, ಹಾಲ್‌ನ ದಿವಾನದಿಂದ ಅಡುಗೆಮನೆಗೆ ಹೋಗುವ ದಾರಿ. ಅದು ನನ್ನ ಹೆಂಡತಿಗೆ ಮೀಸಲಾಗಿತ್ತು.

ಅವಳಿಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. ದಿನಾ ಮನೆಯೊಳಗೇ ನಡೆಯಬೇಕು, ನಡೆಯದಿದ್ದರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಇವಳು ವಾಕರ್ ಹಿಡಿದು ಐದು ಹೆಜ್ಜೆ ಇಟ್ಟು ದಿವಾನಕ್ಕೆ ವಾಪಸ್. ಬೀಳುತ್ತೇನೆಂಬ ಹೆದರಿಕೆ. ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋದವಳು ಹೀಗೆ ದಿವಾನಕ್ಕೆ ಅಂಟಿಕೊಂಡಿದ್ದಳು.

ಆದರೂ ಆಸೆ ಕೇಳಬೇಕಲ್ಲ. "ಈ ಜಾಗ ನಿನಗೆ ಬೇಕೇನೇ?" ಎಂದೆ.

"ನನಗ್ಯಾಕ್ರೀ? ಪೂರ್ತಿ ನೀವೇ ತಗೊಳ್ಳಿ" ಎಂದಳು.

ಮದುವೆಯಾದಂದಿನಿಂದ ಬೀರುವಿನಲ್ಲಿ ಒಂದು ಖಾನೆಯನ್ನೂ ಬಿಟ್ಟುಕೊಡದವಳು! ಖುಷಿಯಿಂದ ನೆಲದ ತುಂಬ ಹಳಿ ಜೋಡಿಸಿದೆ. ಸಂಜೆ ವ್ಯಾಯಾಮ ಮಾಡಿಸುವ ಹುಡುಗಿ ಬಂದಳು. ಮಂಗಳೂರು ಕಡೆಯವಳು, ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಬಾಗಿಲಲ್ಲೇ ನಿಂತು ಹಳಿ ನೋಡಿದಳು, ದಿವಾನದ ಮೇಲೆ ಆರಾಮಾಗಿ ಕೂತ ಇವಳನ್ನು ನೋಡಿದಳು. ನಡೆಯುವ ದಾರಿಯೇ ಇಲ್ಲವಾದರೆ ನಡೆಯುವ ಕಾಟವೂ ಇಲ್ಲ ಎಂಬ ಉಪಾಯ ಆಗ ನನಗೂ ಹೊಳೆಯಿತು.

"ಅಂಕಲ್," ಎಂದಳು ಹುಡುಗಿ ತನ್ನ ಹಿಂದಿ ಬೆರೆತ ಕನ್ನಡದಲ್ಲಿ, "ನಿಮಗೆ ಟ್ರೇನ್ ಚಲಾಯಿಸೋದಿದೆಯಾ, ಆಂಟಿಯನ್ನಾ?"

೨. ಚುಕ್ಕಿಗಳು

ನೆಲ ಕೈಬಿಟ್ಟಿತು. ಒಂದು ಹಲಗೆಯ ಮೇಲೆ ಹಳಿ ಹಾಕಿ, ಬೇಡವಾದಾಗ ದಿವಾನದ ಕೆಳಗೆ ತಳ್ಳಿಬಿಡುವುದೆಂದು ಹೊಸ ಯೋಜನೆ ಮಾಡಿದೆ. ಹಳಿಯ ನಕ್ಷೆ ಬರೆಯಲೆಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಹಲಗೆಯ ನಾಲ್ಕು ಅಂಗುಲಕ್ಕೊಂದರಂತೆ, ಸ್ಕೇಲ್ ಹಿಡಿದು ಚುಕ್ಕಿ ಇಟ್ಟೆ. ಇಡೀ ಬೆಳಗ್ಗೆ ಅದಕ್ಕೇ ಹೋಯಿತು. ಕಾಗದವನ್ನು ದಿವಾನದ ಮೇಲಿಟ್ಟು ಹಾಲು ತರಲು ಹೋದೆ.

ಬಂದು ನೋಡುತ್ತೇನೆ, ಒಂದು ಚುಕ್ಕಿಯೂ ಒಂಟಿಯಾಗಿ ಉಳಿದಿಲ್ಲ. ಎಲ್ಲವನ್ನೂ ಬಳಸಿ, ಸುತ್ತಿ, ಹೆಣೆದು ಬಳ್ಳಿಯಂಥ ಗೆರೆ ಓಡಿದೆ.

"ಏನೇ ಇದು?"

"ಚೆನ್ನಾಗಿ ಚುಕ್ಕಿ ಇಟ್ಟಿದ್ರಿ, ರಂಗೋಲಿ ಎಳೆಯೋಕೆ ಬರದೆ ಬಿಟ್ಟು ಹೋಗಿದೀರಾ ಅಂದ್ಕೊಂಡೆ. ಬಗ್ಗಿ ರಂಗೋಲಿ ಹಾಕಿ ಮೂರು ತಿಂಗಳಾಯ್ತು, ಕೈ ತಡೀಲಿಲ್ಲ."

ಬೈಯಬೇಕೆಂದವನು ಆ ಕೊನೆಯ ಮಾತು ಕೇಳಿ ಕಾಗದ ಕೈಗೆತ್ತಿಕೊಂಡೆ. ಅದನ್ನೇ ನೋಡುತ್ತಾ ಕೂತೆ. ಹೊರಟ ಗೆರೆ ಎಲ್ಲೂ ಕಡಿಯದೆ, ಹಲಗೆಯಿಡೀ ಸುತ್ತಿ, ಹೊರಟಲ್ಲಿಗೇ ಬಂದು ಸೇರಿತ್ತು. ನಾನು ವಾರದಿಂದ ಒದ್ದಾಡುತ್ತಿದ್ದದ್ದೂ ಇದಕ್ಕೇ. ಆದರೂ ಹೆಂಡತಿಯೆದುರು ಒಪ್ಪಿಕೊಳ್ಳುವುದು ಹೇಗೆ?

"ಇದೆಲ್ಲ ಆಗೋದಿಲ್ಲ ಕಣೇ. ಹನ್ನೆರಡು ಕಡೆ ಹಳಿ ಮೇಲೆ ಹಳಿ ಹಾಯ್ದಿದೆ. ಹನ್ನೆರಡು ಕಡೆ ಡಿಕ್ಕಿ ಆಗುತ್ತೆ."

"ಎಷ್ಟು ರೈಲಿದೆ ನಿಮ್ಮ ಹತ್ರ?"

"ಒಂದು."

"ಅದು ಯಾರಿಗ್ರೀ ಡಿಕ್ಕಿ ಹೊಡೆಯುತ್ತೆ?"

೩. ಫಾಸ್ಟೋ, ಸ್ಲೋವೋ?

ಹಲಗೆಯೂ ಕೈಕೊಟ್ಟಿತು. ದಿವಾನದ ಕೆಳಗೆ ಬಗ್ಗಿ ನೋಡಿದರೆ ಎರಡು ಸೂಟ್‌ಕೇಸು, ಅಕ್ಕಿ ಡಬ್ಬ, ಮಗಳ ಮದುವೆಗೆ ತೆಗೆದಿಟ್ಟು ಮದುವೆಯಾದ ಮೇಲೂ ಇಲ್ಲೇ ಉಳಿದ ಹಂಡೆ. ಉಳಿದದ್ದು ಗೋಡೆಯೊಂದೇ. ಗೋಡೆಗುಂಟ ಗೇಣಗಲದ ಶೆಲ್ಫ್ ಹೊಡೆಸಿ ಅದರ ಮೇಲೆ ರೈಲು ಬಿಡುವುದೆಂದು ತೀರ್ಮಾನಿಸಿದೆ. ಅಡುಗೆಮನೆಯ ಕಿಟಕಿಯಿಂದ ಹೊರಟು, ಬಾಗಿಲ ಚೌಕಟ್ಟು ಬಳಸಿ, ದೇವರ ಗೂಡಿನ ಮುಂದಿನಿಂದ ಹಾದು, ದಿವಾನದ ಪಕ್ಕ ನಿಂತು, ಹಾಲ್‌ನ ಕಿಟಕಿ ಮುಟ್ಟುವ ಲೈನು. ವ್ಯಾಯಾಮದ ಹುಡುಗಿ ಒಂದೇ ಷರತ್ತು ಹಾಕಿದಳು: "ಅಂಕಲ್, ಹೈಟ್ ಆಂಟಿಯ ಕೈಗೆ ಸಿಗೋ ಹಾಗೆ ಇರಬೇಕು. ಹಿಡ್ಕೊಂಡು ನಡೀತಾರೆ." ಒಳಗೊಳಗೇ ನನ್ನ ಆಸೆಯೂ ಅದೇ ಆಗಿತ್ತು.

ಬಡಗಿ ಬೈಕುಲ್ಲಾದಿಂದ ಬಂದ. ಶೆಲ್ಫ್ ಮೇಲೆ ಏನಿಡುತ್ತೀರಿ ಎಂದು ಕೇಳಿದ. ರೈಲು ಎಂದೆ. ಈತ ನಕ್ಕೇ ನಗುತ್ತಾನೆಂದು ಕಾದೆ. ನಗಲಿಲ್ಲ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಗಂಭೀರವಾಗಿ, "ಫಾಸ್ಟ್ ಯಾ ಸ್ಲೋ?" ಎಂದ.

ಮುಗಿಯಿತು. ಇವಳು ದಿವಾನದಿಂದಲೇ ಚರ್ಚೆಗೆ ಇಳಿದಳು. ಎಲ್ಲ ಸ್ಟೇಷನ್ನಲ್ಲೂ ನಿಲ್ಲುವ ಲೋಕಲ್ ಸ್ಲೋ, ದೊಡ್ಡ ಸ್ಟೇಷನ್ನುಗಳಲ್ಲಿ ಮಾತ್ರ ನಿಲ್ಲುವುದು ಫಾಸ್ಟ್. ದೇವರ ಮುಂದೆ ನಿಲ್ಲದೆ ಹೋಗುವುದು ಸರಿಯಲ್ಲ, ಆದ್ದರಿಂದ ಸ್ಲೋ ಎಂದು ಇವಳು. ಬೈಕುಲ್ಲಾದಲ್ಲಿ ಫಾಸ್ಟೂ ನಿಲ್ಲುತ್ತದೆ, ದೇವರ ಸ್ಟೇಷನ್ನನ್ನು ಬೈಕುಲ್ಲಾ ಎಂದುಕೊಂಡರಾಯಿತು ಎಂದು ಅವನು. ಇಬ್ಬರೂ ಸೇರಿ ಸ್ಟೇಷನ್ನುಗಳನ್ನು ಹಂಚಿದರು. ಗಾಡಿ ಹೊರಡುವ ಅಡುಗೆಮನೆಯ ಕಿಟಕಿ ಠಾಣೆ, ದಿವಾನದ ಪಕ್ಕದ್ದು ಘಾಟ್ಕೋಪರ್, ಹಾಲ್‌ನ ಕಿಟಕಿ ಕೊನೆಯ ಸ್ಟೇಷನ್ನಾದ ವಿ.ಟಿ. ಠಾಣೆಗೂ ಘಾಟ್ಕೋಪರಿಗೂ ನಡುವೆ ಬೈಕುಲ್ಲಾ ಬರುವುದಿಲ್ಲವಾದ್ದರಿಂದ ದೇವರಿಗೆ ಮಾತ್ರ ಹೆಸರಿಲ್ಲದ ನಿಲ್ದಾಣ.

ನಾನು ಆಸೆಯಿಂದ ಘಾಟ್ಕೋಪರಿನ ಪ್ಲಾಟ್‌ಫಾರ್ಮಿಗೆ ಎರಡು ಪುಟ್ಟ ಮರ, ಒಂದು ಬೆಂಚು ಇಟ್ಟೆ. ಮಾರನೆಯ ದಿನ ನೋಡಿದರೆ ಮರವಿಲ್ಲ, ಬೆಂಚಿಲ್ಲ. ತುದಿಯಿಂದ ತುದಿಗೆ ಕಡಲೆಕಾಳು ಪ್ರಯಾಣಿಕರ ಗುಂಪಿನಂತೆ ಒತ್ತೊತ್ತಾಗಿ ನಿಂತಿದೆ.

"ಬೆಳಗ್ಗೆ ಎಂಟೂವರೆಗೆ ಘಾಟ್ಕೋಪರಲ್ಲಿ ಬೆಂಚೆಲ್ಲಿ ಕಾಣುತ್ರೀ?" ಎಂದಳು. "ಇನ್ನೂ ಅರ್ಧ ಕೇಜಿ ತನ್ನಿ, ಗರ್ದಿ ಸಾಲದು."

೪. ಮೊದಲ ಗಾಡಿ

ಶೆಲ್ಫ್ ಬಂದು ಎರಡು ವಾರವಾದರೂ ಅವಳು ಅದನ್ನು ಹಿಡಿದು ನಡೆಯಲಿಲ್ಲ. ಕೈಗೆಟುಕುವಷ್ಟು ಒರೆಸುತ್ತಿದ್ದಳು, ಅಷ್ಟೇ. ಹೆದರಿಕೆ ಹಾಗೇ ಇತ್ತು. ನಾನು ಹೇಳಿ ಹೇಳಿ ಸೋತಿದ್ದೆ.

ಒಂದು ಭಾನುವಾರ ಬೆಳಗ್ಗೆ ತಂತಿಯ ಕೆಲಸ ಮುಗಿಯಿತು. ಗಾಡಿಯನ್ನು ಠಾಣೆಯಲ್ಲಿ, ಅಂದರೆ ಅಡುಗೆಮನೆಯ ಕಿಟಕಿಯ ಬಳಿ ನಿಲ್ಲಿಸಿ, ಸ್ವಿಚ್ಚು ಹಿಡಿದು ಹಾಲ್‌ಗೆ ಬಂದೆ. ಮೊದಲ ಪ್ರಯಾಣಿಕಳು ಇವಳೇ ಆಗಲೆಂದು ಒಂದು ಹುಣಸೆಬೀಜ ಕೊಟ್ಟು, "ಇದು ನೀನು. ಘಾಟ್ಕೋಪರಿನಲ್ಲಿ ನಿಲ್ಲಿಸಿಕೋ, ಗಾಡಿ ಬಂದಾಗ ಹತ್ತಿಸೋಣ" ಎಂದೆ.

ಅವಳು ಬೀಜವನ್ನು ನೋಡಿದಳು, ಕಡಲೆಯ ಗರ್ದಿಯನ್ನು ನೋಡಿದಳು.

"ಇಲ್ಲಿ ಹತ್ತಿದ್ರೆ ಸೀಟ್ ಸಿಗುತ್ತೇನ್ರೀ?"

ಎದ್ದೇಬಿಟ್ಟಳು. ನಡುವಿನ ಸ್ಟೇಷನ್ನಿನವರು ಸೀಟಿಗಾಗಿ ಮೊದಲು ಉಲ್ಟಾ ದಿಕ್ಕಿನ ಗಾಡಿ ಹಿಡಿದು, ಹೊರಡುವ ಸ್ಟೇಷನ್ನಿಗೇ ಹೋಗಿ ಹತ್ತುವುದು ಮುಂಬಯಿಯ ಪದ್ಧತಿ. ಇವಳು ಅದನ್ನು ಮೂವತ್ತು ವರ್ಷ ಮಾಡಿದವಳು. ವಾಕರ್ ದಿವಾನದ ಪಕ್ಕದಲ್ಲೇ ಉಳಿಯಿತು. ಒಂದು ಕೈಯಲ್ಲಿ ಬೀಜ, ಇನ್ನೊಂದು ಕೈ ಶೆಲ್ಫ್ ಮೇಲೆ. ದೇವರ ಗೂಡು ದಾಟಿದಳು, ಚೌಕಟ್ಟು ದಾಟಿದಳು. ನಾನು ಎರಡು ಹೆಜ್ಜೆ ಅಂತರದಲ್ಲಿ ಅವಳ ಹಿಂದೆಯೇ ಹೋದೆ. ಮಾತಾಡಿದರೆ ಎಲ್ಲಿ ಹೆದರಿಕೆ ನೆನಪಾಗಿ ಕೂತುಬಿಡುತ್ತಾಳೋ ಎಂಬ ಭಯ. ಠಾಣೆ ಮುಟ್ಟಿ, ನಡುವಿನ ಡಬ್ಬಿಯ ಮುಚ್ಚಳ ಎತ್ತಿ, ಕಿಟಕಿ ಪಕ್ಕ ತನ್ನನ್ನು ಕೂರಿಸಿದಳು.

ನನಗೆ ಕಣ್ಣು ತುಂಬಿ ಬಂತು. "ನಡೆದುಬಿಟ್ಟೆಯಲ್ಲೇ!" ಎಂದೆ.

"ಕಿಟಕಿ ಸೀಟು ದಿವಾನಕ್ಕೆ ಬರುತ್ತಾ?" ಎಂದಳು, ಏದುಸಿರು ಬಿಡುತ್ತಾ. ಮುಖ ಮಾತ್ರ ಅರಳಿತ್ತು.

ಆ ಸಂಭ್ರಮದಲ್ಲಿ ನಾನು ಡಬ್ಬದಿಂದ ಒಂದು ಒಣ ಅವರೆಕಾಳು ತೆಗೆದು ಅವಳ ಹುಣಸೆಬೀಜದ ಪಕ್ಕಕ್ಕೆ ಮೆಲ್ಲಗೆ ಇಟ್ಟೆ. ಜೊತೆಯಾಗಿ ವಿ.ಟಿ.ಯವರೆಗೆ ಹೋಗೋಣವೆಂದು.

ಅವಳು ಅವರೆಕಾಳನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಅಂಗೈಗೆ ಹಾಕಿದಳು.

"ಇಳೀರಿ. ಇದು ಲೇಡೀಸ್ ಡಬ್ಬಿ."