ಗೋಳಗುಮ್ಮಟ ಮತ್ತು ನನ್ನ ಕುಸುರೆಳ್ಳು

ಈ ಸಲದ ಸಂಕ್ರಾಂತಿಗೆ ಅಂಗಡಿಯ ಕುಸುರೆಳ್ಳು ನಮ್ಮ ಹೊಸ್ತಿಲು ದಾಟುವುದಿಲ್ಲ ಎಂದು ನಾನು ಘೋಷಣೆ ಹೊರಡಿಸಿಬಿಟ್ಟೆ! ಹೊರಡಿಸಿದ್ದು ಎಲ್ಲಿ ಅಂತೀರಿ? ಲಿಫ್ಟಿನಲ್ಲಿ! ಮುಂಬಯಿ ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟಿನೊಳಗೆ ಆಡಿದ ಮಾತೆಂದರೆ ಪೇಪರಿನಲ್ಲಿ ಅಚ್ಚಾದ ಹಾಗೆ. ಹಿಂತೆಗೆದುಕೊಳ್ಳಲು ಬರುವುದಿಲ್ಲ.

"ಪ್ಯಾಟಿ ಕುಸುರೆಳ್ಳಿಗೆ ರುಚಿ ಎಲ್ಲಿರತೈತಿ? ಈ ವರ್ಷ ಮಲ್ಲವ್ವನ ಕೈಯಾಂದು ತಿಂದು ನೋಡ್ರಿ, ಮುಂದಿನ ಸಂಕ್ರಾಂತಿ ಮಟ ನೆನಸ್ತೀರಿ!" ಎಂದೆ.

ನೆನೆಸುತ್ತಿದ್ದಾರೆ. ಅದರಲ್ಲಿ ಸಂಶಯವಿಲ್ಲ.

ಲಿಫ್ಟಿನಲ್ಲಿದ್ದವರು ಇಬ್ಬರು. ಒಬ್ಬಳು ಮೇಲಿನ ಮನೆಯ ಶುಭಾಂಗಿ, ಬೆಳಗಾವಿಯವಳು. ಇನ್ನೊಬ್ಬಳು ಉಡುಪಿ ಕಡೆಯ ಜ್ಯೋತ್ಸ್ನಾ. ಅವಳ ಗಂಡನದು ಸ್ಟೇಷನ್ ಹತ್ತಿರ ಹೋಟೆಲ್ಲು.

"ಮನೆಯಲ್ಲೇ ಮಾಡುದಾ ಮಲ್ಲಕ್ಕ? ಅದಕ್ಕೆ ಭಾರೀ ತಾಳ್ಮೆ ಬೇಕಂತೆ ಅಲ್ವಾ?" ಎಂದಳು ಜ್ಯೋತ್ಸ್ನಾ.

"ತಾಳ್ಮಿ? ನಮ್ಮನಿಯವರ ಜೋಡಿ ಜಲ್ಮ ಕಳದೀನಿ. ಸಕ್ಕರಿ ಪಾಕ ಯಾವ ಲೆಕ್ಕ!"

ನಮ್ಮ ಮನೆಯವರು ಎಂದರೆ ಸಿದ್ದರಾಮಪ್ಪನವರು, ಮೂಲ ವಿಜಯಪುರದವರು. ರಿಫೈನರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ರಿಟೈರ್ ಆದ ಗಂಡಸರು ವಾಕಿಂಗಿಗೆ ಹೋಗುತ್ತಾರೆ, ಪೇಪರು ಓದುತ್ತಾರೆ, ಹೆಂಡತಿಯ ಸಾರಿನಲ್ಲಿ ಉಪ್ಪು ಹುಡುಕುತ್ತಾರೆ. ನಮ್ಮವರು ಇಟ್ಟಿಗೆ ಜೋಡಿಸಲು ಕೂತರು! ಪ್ಲಾಸ್ಟಿಕ್ಕಿನ ಆಟದ ಇಟ್ಟಿಗೆ. ಹೊತ್ತು ಹೋಗಲೆಂದು ಮಗಳು ಒಂದು ಡಬ್ಬಿ ತಂದುಕೊಟ್ಟಿದ್ದಳು. ಹೊತ್ತು ಹೋಯಿತು, ಅದರ ಹಿಂದೆ ಹಾಲ್‌ನ ಟೇಬಲ್ಲೂ ಹೋಯಿತು, ಟಿವಿ ಇಡುವ ಜಾಗವೂ ಹೋಯಿತು. ಇಡೀ ದಿನ ಒಂದರ ತಲೆಯ ಮೇಲೆ ಒಂದು ಒತ್ತುತ್ತಾರೆ. ಟಕ್, ಟಕ್, ಟಕ್! ಅಡುಗೆಮನೆಯಲ್ಲಿದ್ದರೂ ಆ ಸದ್ದಿನಿಂದಲೇ ಅವರ ಮನಸ್ಸು ನನಗೆ ತಿಳಿಯುತ್ತದೆ. ಟಕ್ ಟಕ್ ಎಂದರೆ ಖುಷಿ. ಬಹಳ ಹೊತ್ತು ಸುಮ್ಮನಾದರೆ ಚಹಾ ಬೇಕು. ಟಕ್ ಆದಮೇಲೆ "ಛೀ" ಎಂದರೆ ನಾನು ಆ ಕಡೆ ಹಾಯುವುದಿಲ್ಲ.

ಮನೆಗೆ ಬಂದವರು ಕೇಳುತ್ತಾರೆ, "ಮೊಮ್ಮಕ್ಕಳದೇನ್ರೀ?"

ಇವರು ತಲೆ ಎತ್ತದೆ ಹೇಳುತ್ತಾರೆ, "ಅಲ್ಲರೀ, ನಂದು."

ಈ ವರ್ಷ ಅವರು ಗೋಳಗುಮ್ಮಟಕ್ಕೇ ಕೈ ಹಾಕಿದ್ದರು! ಅದಕ್ಕೆ ಡಬ್ಬಿ ಸಿಗುವುದಿಲ್ಲ, ಹೀಗೆ ಜೋಡಿಸು ಎಂದು ತೋರಿಸುವ ಚಿತ್ರವೂ ಇಲ್ಲ. ಹುಡುಗನಾಗಿದ್ದಾಗ ಅದರೊಳಗೆ ನಿಂತು ಕೂಗಿದ ನೆನಪಿನ ಮೇಲೆಯೇ ಕಟ್ಟುತ್ತಿದ್ದರು. ನಾಲ್ಕು ಮಿನಾರು ಎದ್ದವು, ಗೋಡೆ ಎದ್ದಿತು, ಮೇಲೆ ಕೂರುವ ಗುಮ್ಮಟ ಬೇರೆಯಾಗಿ ಸಿದ್ಧವಾಯಿತು. ಉಳಿದದ್ದು ಗುಮ್ಮಟದ ಬುಡದ ಕಮಲದ ಎಸಳು ಮಾತ್ರ. ಅದಕ್ಕೆ ಸಣ್ಣ ಸಣ್ಣ ಬಿಳಿ ಗುಂಡು ಚೂರು ಬೇಕು. ಆ ಸುತ್ತು ಕೂತರೇ ಗುಮ್ಮಟ ಕೂರುವುದು. ಇಲ್ಲದಿದ್ದರೆ ಮುಟ್ಟಿದ ಕೂಡಲೇ ಟೋಪಿಯ ಹಾಗೆ ಜಾರುತ್ತದೆ.

ಸಂಕ್ರಾಂತಿಯ ಮರುದಿನ ಅಂಧೇರಿಯಲ್ಲಿ ಪ್ರದರ್ಶನ. ಇಂಥ ಹುಚ್ಚಿನವರೆಲ್ಲ ಸೇರಿ ಒಂದು ಹಾಲ್ ಹಿಡಿದಿದ್ದರು. ಇವರಿಗೂ ಒಂದು ಟೇಬಲ್ಲು, ಅದರ ಮೇಲೆ ಇವರ ಹೆಸರಿನ ಬೋರ್ಡು! ಇಡೀ ಸರ್ವಿಸಿನಲ್ಲಿ ಗೇಟ್ ಪಾಸಿನ ಮೇಲೆ ಬಿಟ್ಟರೆ ಆ ಹೆಸರು ಬೇರೆಲ್ಲೂ ಅಚ್ಚಾಗಿರಲಿಲ್ಲ. ನಮ್ಮ ಮದುವೆಯಲ್ಲೂ ಇಸ್ತ್ರಿಯಿಲ್ಲದ ಅಂಗಿ ಹಾಕಿಕೊಂಡು ಬಂದ ಪುಣ್ಯಾತ್ಮರು ಒಂದು ವಾರ ಮೊದಲೇ ಅಂಗಿಗೆ ಇಸ್ತ್ರಿ ಮಾಡಿಸಿ ತೂಗುಹಾಕಿದ್ದರು. ನಾನು ದಿನಾ ಆ ಅಂಗಿಯ ಧೂಳು ಕೊಡವುತ್ತಿದ್ದೆ.

ಬಿಳಿ ಚೂರಿಗಾಗಿ ಅವರು ದಹಿಸರ್‌ವರೆಗೆ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಹೋಗಿ ಬಂದರು. ಅಲ್ಲಿ ಇವರಂಥವನೇ ಒಬ್ಬ ಹಳೆಯದು ಮಾರುತ್ತಿದ್ದನಂತೆ. ಪ್ರಸಾದ ತಂದವರ ಹಾಗೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. "ಮಲ್ಲೂ, ಇವು ಅಂಗಡ್ಯಾಗ ಸಿಗೂದಿಲ್ಲ!" ಎಂದು ಸೋಪಿನ ನೀರಲ್ಲಿ ತೊಳೆದು, ನನ್ನದೇ ಸ್ಟೀಲಿನ ತಾಟಿನಲ್ಲಿ ಹರವಿ ಗ್ಯಾಲರಿಯಲ್ಲಿ ಬಿಸಿಲಿಗಿಟ್ಟರು.

ಪಕ್ಕದ ತಾಟಿನಲ್ಲಿ ನನ್ನ ಕುಸುರೆಳ್ಳು ಒಣಗುತ್ತಿತ್ತು.

ಕುಸುರೆಳ್ಳು ಮಾಡುವುದು ಹುಡುಗಾಟವಲ್ಲ. ಸಣ್ಣ ಉರಿಯ ಮೇಲೆ ಎಳ್ಳಿಟ್ಟು, ಚಮಚದ ತುದಿಯಿಂದ ಸಕ್ಕರೆ ಪಾಕ ಹನಿಸಿ, ಬೆರಳಲ್ಲಿ ಆಡಿಸಬೇಕು. ಮತ್ತೆ ಹನಿ, ಮತ್ತೆ ಆಡಿಸು. ದಿನಗಟ್ಟಲೆ! ಆಗ ಒಂದೊಂದು ಎಳ್ಳಿನ ಸುತ್ತ ಸಕ್ಕರೆಯ ಮುಳ್ಳು ಏಳುತ್ತದೆ. ಊರಿನ ಒಣ ಚಳಿಯಲ್ಲಿ ಏಳುತ್ತದೆ. ಮುಂಬಯಿಯ ಬೆವರುವ ಗಾಳಿಯಲ್ಲಿ ನನ್ನ ಎಳ್ಳಿಗೆ ಒಂದು ಮುಳ್ಳೂ ಏಳಲಿಲ್ಲ! ಮೀಸೆ ಬೋಳಿಸಿದ ಪೈಲವಾನರ ಹಾಗೆ ಬೆಳ್ಳಗೆ, ಗುಂಡಗೆ, ಗಟ್ಟಿಯಾಗಿ ಕೂತವು. ಇರಲಿ, ಚುಚ್ಚುವುದಾದರೂ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಂಕ್ರಾಂತಿಯ ದಿನ ಮಧ್ಯಾಹ್ನ ಇವರು ಕ್ಷೌರಕ್ಕೆ ಹೋದರು. ನಾನು ಹೋಳಿಗೆ ಲಟ್ಟಿಸುತ್ತಿದ್ದೆ. ಗ್ಯಾಲರಿಯಲ್ಲಿ ಪಟಪಟ ಸದ್ದು! ಪಾರಿವಾಳಗಳ ದಂಡು! ಲಟ್ಟಣಿಗೆ ಹಿಡಿದು ರಣಚಂಡಿಯ ಹಾಗೆ ನುಗ್ಗಿದೆ. ಕನ್ನಡಕ ಹಿಟ್ಟಿನ ಡಬ್ಬಿಯ ಮೇಲೇ ಉಳಿಯಿತು. "ಹೋಗ್ರ್ಯೋ, ಹಬ್ಬದ್ದು ಮುಟ್ಟಬ್ಯಾಡ್ರಿ!" ಎಂದು ಒಂದು ಕೈಯಲ್ಲಿ ಬೀಸುತ್ತ ಇನ್ನೊಂದು ಕೈಯಲ್ಲಿ ಕಂಡದ್ದನ್ನೆಲ್ಲ ಬಳಿದು ಡಬ್ಬಿಗೆ ಸುರಿದೆ.

ಡಬ್ಬಿ ತುಂಬಿ ತುಳುಕಿತು! ಮಾಡಿದ್ದು ಇಷ್ಟೊಂದಿತ್ತೇ? ಇದಕ್ಕೇ ಕೈಗುಣ ಅನ್ನುವುದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಂಜೆ ಅರಿಷಿಣ ಕುಂಕುಮಕ್ಕೆ ಬಿಲ್ಡಿಂಗಿನ ಹೆಂಗಸರೆಲ್ಲ ಬಂದರು. ಕುಂಕುಮ ಹಚ್ಚಿ, ಅಂಗೈ ತುಂಬ ಕುಸುರೆಳ್ಳು ಹಾಕಿ, "ಕುಸುರೆಳ್ಳು ತಗೋರಿ, ಸವಿ ಸವಿ ಮಾತಾಡ್ರಿ" ಎಂದೆ. ಸಂಕ್ರಾಂತಿಯ ಕಟ್ಟಳೆ ಅದು. ಅಂದು ಯಾರೂ ಯಾರಿಗೂ ಕಹಿ ಮಾತು ಆಡುವ ಹಾಗಿಲ್ಲ. ಅಂದಿನ ಅನಾಹುತಕ್ಕೆಲ್ಲ ಆ ಕಟ್ಟಳೆಯೇ ಮೂಲ!

ಎಲ್ಲರೂ ಬಾಯಿಗೆ ಹಾಕಿಕೊಂಡರು. ಆಮೇಲೆ ಒಂದೊಂದು ಬಾಯಿಯಿಂದ ಸದ್ದು. ಕರ್. ಟಕ್. ಕರ್. ಟಕ್ ಟಕ್.

"ಹೆಂಗೈತಿ?" ಎಂದೆ, ಸೆರಗು ಸರಿಮಾಡಿಕೊಳ್ಳುತ್ತ.

ಜ್ಯೋತ್ಸ್ನಾ ಒಂದು ಗಲ್ಲದಿಂದ ಇನ್ನೊಂದು ಗಲ್ಲಕ್ಕೆ ಏನನ್ನೋ ಸಾಗಿಸುತ್ತ, "ಅಬ್ಬಾ ಮಲ್ಲಕ್ಕ, ಎಂಥ ರುಚಿ ಉಂಟು! ಬಾಯಲ್ಲಿ ಎಷ್ಟು ಹೊತ್ತು ಬೇಕಾದ್ರೂ ಇಟ್ಕೊಳ್ಬಹುದು!" ಎಂದಳು.

"ಏಕದಮ್ ವೆಗಳಾ, ಬ್ಯಾರೇನ ಅದಾವ ಮಾವಶಿ," ಎಂದಳು ಶುಭಾಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು. "ಇಂಥಾವು ಜಲ್ಮದಾಗ ತಿಂದಿಲ್ಲ."

ಆನಂದಬಾಷ್ಪ ಎಂದುಕೊಂಡೆ! ಅವಳ ಅತ್ತೆ ಮಾತ್ರ ಬಾಯಿಂದ ಏನನ್ನೋ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಮುದುಕರು ಮೊಮ್ಮಕ್ಕಳಿಗೆ ಎಂದು ಎತ್ತಿಡುವುದು ಇದ್ದದ್ದೇ ತಾನೆ?

ಹೆಂಗಸರ ಗದ್ದಲ ಮುಗಿಯಲೆಂದು ಹೊರಗೇ ಕಾಲ ಕಳೆದಿದ್ದ ಇವರು ಎಲ್ಲರೂ ಹೋದಮೇಲೆ ಘಮಘಮಿಸುತ್ತ ಬಂದರು. ಸೀದಾ ಗ್ಯಾಲರಿಗೆ ಹೋದರು. ಹೋದ ಹಾಗೇ ವಾಪಸು ಬಂದರು.

"ಮಲ್ಲೂ, ಇಲ್ಲಿ ಎರಡ ತಾಟ ಇದ್ದವಲ್ಲ?"

"ಎರಡೂ ನನ್ನವ..." ಎಂದೆ. ಅಷ್ಟರಲ್ಲಿ ಅವರ ಬೆರಳು ಟೇಬಲ್ಲಿನ ಮೇಲೆ ಉಳಿದಿದ್ದ ಒಂದು ಬಿಳಿ ಚೂರನ್ನು ಸುಮ್ಮನೆ ಪಕ್ಕದ ಇಟ್ಟಿಗೆಗೆ ಒತ್ತಿತು. ಟಕ್!

ಆ ಟಕ್ ಕಿವಿಗೆ ಬಿದ್ದದ್ದೇ ನಾನು ಕುಂಕುಮದ ಬಟ್ಟಲು ಕೆಳಗಿಟ್ಟೆ. ಇದೇ ಸದ್ದು! ಜ್ಯೋತ್ಸ್ನಾಳ ಗಲ್ಲದೊಳಗೆ ಕೇಳಿದ್ದೂ ಇದೇ ಟಕ್!

"ರೀ... ನಿಮ್ಮ ಗುಮ್ಮಟಾ... ಬಿಲ್ಡಿಂಗಿನ ಮಂದಿ ತಿಂದಾರ್ರೀ."

ಅವರು ಕುರ್ಚಿಯಲ್ಲಿ ಕೂತರು. ಇಸ್ತ್ರಿ ಅಂಗಿಯ ಕಡೆ ನೋಡಿದರು. ಹೊಸ ಕ್ಷೌರದ ತಲೆ ಸವರಿಕೊಂಡರು. ಬೈಯಲಿ ಎಂದು ನಾನು ಕಾದೆ. ಕೊನೆಗೆ ಬಾಯಿ ಬಿಟ್ಟರು.

"ಇವತ್ತ ಸಂಕ್ರಾಂತಿ. ನಾ ಏನೂ ಅನ್ನಂಗಿಲ್ಲ." ಅಂಗಿಯ ಕಡೆ ಮತ್ತೊಮ್ಮೆ ನೋಡಿ, "ನಾಳೆ ಅಂತೀನಿ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ನಾಳೆ' ನನ್ನನ್ನು ಚಪ್ಪಲಿಯಿಲ್ಲದೆ ಮನೆಯಿಂದ ಹೊರಗೆ ಓಡಿಸಿತು!

ಕೊಟ್ಟ ಕುಸುರೆಳ್ಳನ್ನು ವಾಪಸು ಕೇಳಿದ ಹೆಂಗಸು ಭೂಮಂಡಲದಲ್ಲಿ ಬೇರೆ ಇರಲಿಕ್ಕಿಲ್ಲ. ಮೊದಲು ಜ್ಯೋತ್ಸ್ನಾಳ ಮನೆ.

"ನಾ ಕೊಟ್ಟ ಕುಸುರೆಳ್ಳು ಉಳದಾವೇನವಾ?"

"ಉಳಿಯುದಾ? ಒಂದೂ ಇಲ್ಲ ಮಲ್ಲಕ್ಕ, ಅಷ್ಟು ಲಾಯ್ಕಿತ್ತು!"

"ನೀ ನುಂಗಿದ್ಯಾ?" ಎಂದು ಚೀರಿದೆ. "ಖರೆ ಹೇಳು, ಚಲೋ ಇರಲಿಲ್ಲ ಹೌದಿಲ್ಲೋ?"

"ಹಬ್ಬದ ದಿನ ಎಂಥ ಮಾತು! ಫಸ್ಟ್ ಕ್ಲಾಸ್ ಇತ್ತು!"

"ಕೆಟ್ಟಿತ್ತು ಅನ್ನ!"

"ಸಾಧ್ಯವೇ ಇಲ್ಲ!"

ಪ್ರತಿ ಬಾಗಿಲಲ್ಲೂ ಇದೇ ಪಾಡು. ಸಂಜೆಯವರೆಗೆ ಹೊಗಳಿಕೆಗೆ ಹಸಿದಿದ್ದ ನಾನು ಈಗ ಒಂದೇ ಒಂದು ಬೈಗುಳಕ್ಕಾಗಿ ಕೈಯೊಡ್ಡಿ ನಿಂತಿದ್ದೆ. ಯಾರೂ ಕೊಡಲೊಲ್ಲರು! ಎಲ್ಲರ ನಾಲಗೆಯ ಮೇಲೂ ಸಂಕ್ರಾಂತಿ ಕೂತಿತ್ತು.

ಕೊನೆಗೆ ಶುಭಾಂಗಿಯ ಮನೆ. ಅವಳೂ "ಮಾವಶಿ, ಏನ ರುಚಿ..." ಎಂದು ಶುರು ಮಾಡಿದಳು. ಒಳಗಿನಿಂದ ಅತ್ತೆ ಗುಡುಗಿದರು.

"ಏ ಶುಭಾಂಗಿ, ಸಾಕ ಮಾಡ! ಮಲ್ಲವ್ವಾ, ಒಳಗ ಬಾ. ನನ್ನ ಹಲ್ಲಷ್ಟ ಸುಳ್ಳು, ಮಾತು ಖರೆ. ಅದನ್ನ ನಾಯಿ ಸೈತ ತಿನ್ನಂಗಿಲ್ಲ!"

ನನ್ನ ಕಿವಿಗೆ ಜೇನು ಸುರಿದ ಹಾಗಾಯಿತು! ಅವರ ಕಾಲಿಗೆ ಬಿದ್ದೆ. ಅವರು ಸೆರಗಿನ ಗಂಟು ಬಿಚ್ಚಿ ಬಿಳಿ ಚೂರುಗಳನ್ನು ನನ್ನ ಅಂಗೈಗೆ ಹಾಕಿ, ಸೊಸೆಯ ಕಡೆ ತಿರುಗಿದರು. "ಸಿಂಕಿನ ಬಾಜೂಕ ಮುಚ್ಚಿಟ್ಟಿಯಲ್ಲ, ತಂದ ಕೊಡ."

ಗೋಳಗುಮ್ಮಟದಲ್ಲಿ ಒಂದು ಮಾತಾಡಿದರೆ ಏಳು ಸಲ ತಿರುಗಿ ಕೇಳಿಸುತ್ತದಂತೆ. ನಮ್ಮ ಬಿಲ್ಡಿಂಗು ಅದಕ್ಕೂ ಮಿಗಿಲು! ಅತ್ತೆಯ ಮಾತು ಮೆಟ್ಟಿಲಿಳಿಯುವ ಮೊದಲೇ ಬಾಗಿಲುಗಳು ತೆರೆದವು. ಸಂಕ್ರಾಂತಿಯ ಸವಿ ಮುಗಿದು ಎಲ್ಲರ ಬಾಯಿ ಬಿಚ್ಚಿತು. "ನನ್ನ ದವಡೆ ಇನ್ನೂ ನೋಯ್ತದೆ ಮಲ್ಲಕ್ಕ," ಎಂದು ಜ್ಯೋತ್ಸ್ನಾ ತುಳಸಿಯ ಕುಂಡದಿಂದ ಹೆಕ್ಕಿ ತಂದಳು. ಹಬ್ಬದ ಪ್ರಸಾದವನ್ನು ಕಸಕ್ಕೆ ಹಾಕಲು ಯಾರಿಗೂ ಮನಸ್ಸಾಗಿರಲಿಲ್ಲ, ನೋಡಿ. ಯಾರೋ ದೇವರ ಗೂಡಿನಿಂದ ತಂದರು, ಯಾರೋ ಪರ್ಸಿನಿಂದ. ಕೊಡುವಾಗ ಒಬ್ಬೊಬ್ಬರೂ ಒಂದೊಂದು ಬೈಗುಳವನ್ನೂ ದಕ್ಷಿಣೆಯ ಹಾಗೆ ಮೇಲಿಟ್ಟು ಕೊಟ್ಟರು. ಕಣ್ಣಿಗೊತ್ತಿಕೊಂಡು ತಗೊಂಡೆ!

ಮನೆಗೆ ತಂದ ರಾಶಿಯಲ್ಲಿ ಎರಡೂ ಬೆರೆತಿದ್ದವು. ಇವರು ಬೋಗುಣಿಯಲ್ಲಿ ನೀರು ತಂದರು. "ಕರಗಿದ್ದು ನಿಂದು, ಉಳದದ್ದು ನಂದು."

ರಾಶಿಯನ್ನು ನೀರಿಗೆ ಹಾಕಿ ಇಬ್ಬರೂ ಬಗ್ಗಿ ನೋಡಿದೆವು. ಚಹಾ ಕುದಿಸಿ, ಸೋಸಿ, ಕುಡಿದೂ ಆಯಿತು. ಒಂದೂ ಕರಗಲಿಲ್ಲ.

ಅವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಕೊನೆಗೆ ಕನ್ನಡಕ ಏರಿಸಿ ಒಂದೊಂದಾಗಿ ಆರಿಸಿದೆವು. ಅವರ ಚೂರುಗಳಲ್ಲಿ ಕೆಲವು ಬರಲೇ ಇಲ್ಲ. ಯಾರ ಹೊಟ್ಟೆಯಲ್ಲಿವೆಯೋ, ಶಿವನೇ ಬಲ್ಲ. ಸುತ್ತಿನಲ್ಲಿ ಒಂದು ಕಡೆ, ಹಲ್ಲುಬಿದ್ದ ಬಾಯಿಯ ಹಾಗೆ, ಸಂದಿ ಉಳಿಯಿತು.

ಬೆಳಿಗ್ಗೆ ಎದ್ದು ನೋಡಿದರೆ ಗುಮ್ಮಟ ಕೂತುಬಿಟ್ಟಿತ್ತು! ಸುತ್ತು ಪೂರ್ತಿ! ಹೇಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಇವರು ಇಸ್ತ್ರಿ ಅಂಗಿ ಹಾಕಿಕೊಂಡು, ಗೋಳಗುಮ್ಮಟವನ್ನು ಬಾಣಂತಿ ಕೂಸು ಹಿಡಿದ ಹಾಗೆ ತೊಡೆಯ ಮೇಲಿಟ್ಟುಕೊಂಡು ಅಂಧೇರಿಯವರೆಗೆ ಟ್ಯಾಕ್ಸಿಯಲ್ಲಿ ಕೂತರು. ಪ್ರತಿ ಹೊಂಡಕ್ಕೂ ನಾನು ಬಸವಣ್ಣನನ್ನು ಕರೆದೆ.

ಪ್ರದರ್ಶನದ ಹಾಲ್‌ನಲ್ಲಿ ಅವರ ಹೆಸರಿನ ಬೋರ್ಡಿತ್ತು. ಅದನ್ನು ಅವರು ಎರಡು ಸಲ ನೇರ ಮಾಡಿ ಇಟ್ಟರು. ಜನ ಬಂದರು, ಫೋಟೋ ತೆಗೆದರು. ಸಂಘಟಕ ಮನೀಶ್ ಎಂಬ ಹುಡುಗ ಬಗ್ಗಿ, ಗುಮ್ಮಟದ ಬುಡವನ್ನು ಉಗುರಿನಿಂದ ತಟ್ಟಿ ನೋಡಿದ.

"ಅಂಕಲ್, ಯೇ ಚಾರ್-ಪಾಂಚ್ ಪೀಸ್ ಅಲಗ್ ಹೈ. ಕೌನ್ಸೀ ಕಂಪನೀ ಕಾ ಹೈ? ಕ್ಯಾ ಸಾಲಿಡ್ ಹೈ!" ಈ ನಾಲ್ಕೈದು ಚೂರು ಬೇರೆ ಥರ, ಇಷ್ಟು ಗಟ್ಟಿಯವು ಯಾವ ಕಂಪನಿಯವು ಎಂದು ಅವನ ಬೆರಗು.

ಇವರು ಗಂಭೀರವಾಗಿ ನನ್ನ ಕಡೆ ಕೈ ತೋರಿಸಿದರು. "ಘರ್ ಕಾ ಹೈ. ಇನ್ಹೋಂನೇ ಬನಾಯಾ." ಮನೆಯದು, ಇವಳೇ ಮಾಡಿದ್ದು ಅಂತ!

ನನ್ನ ಕುಸುರೆಳ್ಳು! ನನ್ನದೇ ಪಾಕದಲ್ಲಿ ಅಂಟಿಸಿದ್ದರು!

ಮನೀಶ್ ಕೈಮುಗಿದು ಕೇಳಿದ, "ಆಂಟೀಜಿ, ಆರ್ಡರ್ ಲೇತೇ ಹೋ ಕ್ಯಾ?"

ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನ ಕುಸುರೆಳ್ಳನ್ನು ಮನಸಾರೆ ಮೆಚ್ಚಿದ್ದರು! ಅದೂ ಇಟ್ಟಿಗೆಯೆಂದು! ಅವನು ಹೋದಮೇಲೆ ನಾನು ಮೆಲ್ಲಗೆ, "ನಿನ್ನಿ ಏನೋ ಅಂತೀನಿ ಅಂದಿದ್ರಿ. ಅಂದು ಮುಗಸ್ರಿ," ಎಂದೆ.

ಇವರು ಬೋರ್ಡನ್ನು ಮತ್ತೊಮ್ಮೆ ನೇರ ಮಾಡಿದರು. "ಮುಂದಿನ ವರ್ಷ ತಾಜಮಹಲ್ ಕಟ್ಟಾಂವ ಅದೀನಿ. ಬಿಳೀವು ಭಾಳ ಬೇಕು. ಸಂಕ್ರಾಂತಿಗೆ ಸ್ವಲ್ಪ ಜಾಸ್ತಿನ ಮಾಡು."

ನಾನು ಬಾಯಿ ತೆರೆಯುವಷ್ಟರಲ್ಲಿ ಟೇಬಲ್ಲಿನ ಮೇಲೆ ಒಂದು ಇರುವೆ ಕಂಡಿತು. ಮಿನಾರು ಹತ್ತಿ, ಗೋಡೆ ದಾಟಿ, ಸೀದಾ ನನ್ನ ಕುಸುರೆಳ್ಳಿನ ಹತ್ತಿರ ಹೋಯಿತು. ನನ್ನ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಹಾಲಿನಲ್ಲಿ ಅದು ತಿನ್ನುವ ವಸ್ತು ಎಂದು ಗುರುತಿಸಿದ ಜೀವ ಇದೊಂದೇ!

ಇರುವೆ ಒಂದು ಸಲ ಕಚ್ಚಿತು. ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ಬಂದ ದಾರಿಯಲ್ಲೇ ಇಳಿದು ಹೋಯಿತು.