ಸರ್ಕಾರಕ್ಕೆ ಮಾರ್ಕು ಹಾಕಿದ ಮಾವ

ಸರ್ಕಾರವನ್ನೇ ಫೇಲು ಮಾಡಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಅವರ ಮಗಳನ್ನು ಮದುವೆಯೂ ಆಗಿದ್ದೇನೆ. ಬೇರೆಯವರ ಮಾವಂದಿರು ಅಳಿಯನಿಗೆ ಉಂಗುರವನ್ನೋ ಕೈಗಡಿಯಾರವನ್ನೋ ಕೊಡುತ್ತಾರೆ. ನನ್ನ ಮಾವ ಕೊಟ್ಟದ್ದು ನೂರಕ್ಕೆ ಹನ್ನೊಂದು ಮಾರ್ಕು. ಈ ಕತೆ ಹೇಳಿದರೆ ಹೋಗುವುದು ನನ್ನದೇ ಮರ್ಯಾದೆ. ಆದರೂ ಹೇಳುತ್ತೇನೆ. ಪಿಂಚಣಿಯಾದ ಮೇಲೆ ಮನುಷ್ಯನಿಗೆ ಮರ್ಯಾದೆಯ ಅಗತ್ಯ ಸ್ವಲ್ಪ ಕಡಿಮೆಯಾಗುತ್ತದೆ.

ಆಗ ನಮ್ಮ ಕಾಸರಗೋಡು ಇನ್ನೂ ಮದ್ರಾಸು ಸರ್ಕಾರದ ಕೈಯಲ್ಲಿತ್ತು. ಮಾವನವರು ಕುಂಜತ್ತೂರಿನ ಕಡೆಯ ಒಂದು ಜಿಲ್ಲಾ ಬೋರ್ಡು ಶಾಲೆಯಲ್ಲಿ ಮಾಷ್ಟ್ರಾಗಿದ್ದು ನಿವೃತ್ತರಾದವರು. ಜೀವಮಾನವಿಡೀ ಮಾರ್ಕು ಹಾಕಿದ ಕೈ. ಒಮ್ಮೆಗೇ ಸುಮ್ಮನಿರು ಎಂದರೆ ಇರುತ್ತದೆಯೇ? ಮೊದಲಿಗೆ ಅವರು ಮನೆಯ ಸಾರಿಗೆ ಮಾರ್ಕು ಹಾಕಿದರು. ಅತ್ತೆಯವರು ಎರಡು ದಿನ ತಾಳಿದರು. ಮೂರನೆಯ ದಿನ, ಅಡುಗೆಮನೆಗೆ ಮಾರ್ಕು ಹಾಕುವುದು ಬೇಡ, ಹೊರಗೆ ಅಷ್ಟು ದೊಡ್ಡ ಸರ್ಕಾರ ಉಂಟು, ಬೇಕಾದರೆ ಅದಕ್ಕೆ ಹಾಕಿ ಎಂದುಬಿಟ್ಟರು. ಅವರು ಹೇಳಿದ್ದು ಸಿಟ್ಟಿನಿಂದ. ಮಾವನವರು ಅದನ್ನು ಹುಕುಂ ಎಂದು ಸ್ವೀಕರಿಸಿ ಮರುದಿನವೇ ಉದ್ದದ ಒಂದು ಪುಸ್ತಕಕ್ಕೆ ಗೆರೆ ಎಳೆದರು. ಹಾಜರಿ, ಮಾತು, ಅಕ್ಷರ, ಕೆಲಸ ಎಂದು ನಾಲ್ಕು ಕಾಲಂ. ಒಂದೊಂದಕ್ಕೆ ಇಪ್ಪತ್ತೈದು ಮಾರ್ಕು.

ಮೊದಲು ಪರೀಕ್ಷೆಗೆ ಕೂತದ್ದು ಅಂಚೆ. ಮಾವನವರು ಬೋವಿಕಾನಕ್ಕೆ ಹೋಗಿ ತಮ್ಮ ವಿಳಾಸಕ್ಕೆ ತಾವೇ ಒಂದು ಕಾರ್ಡು ಬರೆದು ಹಾಕಿದರು. ಬರೆಯಲು ವಿಷಯ ಬೇಕಲ್ಲ? "ಮಹನೀಯರೇ, ನಾನು ಇಲ್ಲಿ ಕ್ಷೇಮ. ತಾವೂ ಅಲ್ಲಿ ಕ್ಷೇಮವೆಂದು ನಂಬುತ್ತೇನೆ" ಎಂದು ಬರೆದು, ಕೆಳಗೆ ತಮ್ಮದೇ ಸಹಿ ಹಾಕಿದರು. ಅದೇ ಸಂಜೆ ಅವರು ಮನೆ ಸೇರಿದರು; ಕಾರ್ಡು ಸೇರಲು ಐದು ದಿನ ಬೇಕಾಯಿತು. ಇಂಥ ನಾಲ್ಕು ಕಾರ್ಡು ತಲುಪಿಸಿದ ಮೇಲೆ ಅಂಚೆಯವನು ಅತ್ತೆಯವರನ್ನು ಹಿತ್ತಲಿಗೆ ಕರೆದು, ಮಾಷ್ಟ್ರಿಗೆ ಕಾಗದ ಬರೆಯುವವರು ಬೇರೆ ಯಾರೂ ಇಲ್ಲವೇ ಎಂದು ಮೆಲ್ಲಗೆ ವಿಚಾರಿಸಿದನಂತೆ. ಮುಂದಿನ ವಾರ ಒಂದು ಐದನೆಯ ಕಾರ್ಡು ಬಂತು. ಅದನ್ನು ಮಾವನವರು ಬರೆದಿರಲಿಲ್ಲ. ವಕ್ರವಕ್ರ ಅಕ್ಷರದಲ್ಲಿ, ಮಾಷ್ಟ್ರು ಆರೋಗ್ಯವಾಗಿದ್ದಾರೆಯೇ ಎಂದು ಕೇಳಿತ್ತು. ಬರೆದವನು ಅದನ್ನು ತಾನೇ ತಂದುಕೊಟ್ಟು, ಕಾಲಬುಡ ನೋಡುತ್ತ ನಿಂತಿದ್ದ. ಅಂಚೆಗೆ ಅಕ್ಷರದಲ್ಲಿ ಐದು ಬಿತ್ತು, ಮಾತಿನಲ್ಲಿ ಪೂರ್ತಿ ಇಪ್ಪತ್ತೈದು.

ಆಮೇಲೆ ಶಿರಿಯ ಹೊಳೆಯ ಬೋರ್ಡಿನ ದೋಣಿ. ಅದರ ದೋಣಿಯವನು ಒಬ್ಬ ಬ್ಯಾರಿ. ಮಾವನವರು ಗಡಿಯಾರ ಹಿಡಿದು ದೋಣಿಯ ಮೂಲೆಯಲ್ಲಿ ಕೂತರು. ದೋಣಿ ನಡು ಹೊಳೆಗೆ ಮುಟ್ಟಿದಾಗ ಹಿಂದಿನ ದಡದಿಂದ ಒಬ್ಬ ಮುದುಕ ಕೂಗಿದ. ದೋಣಿಯವನು ಕೂಡಲೇ ದೋಣಿ ತಿರುಗಿಸಿದ. ಸಮಯ ಹಾಳಾಗುತ್ತದೆ ಎಂದು ಮಾವನವರು ಗಡಿಯಾರ ತೋರಿಸಿದರಂತೆ. ಅವನು ಗಡಿಯಾರವನ್ನೂ ನೋಡಿ, ಮುದುಕನನ್ನೂ ನೋಡಿ, "ಅವರ ಹತ್ತಿರ ಗಡಿಯಾರ ಇಲ್ಲ ಮಾಷ್ಟ್ರೆ" ಎಂದನಂತೆ. ಆ ದಿನದ ಷರಾ ನಾನೇ ಓದಿದ್ದೇನೆ: ದೋಣಿ ತಡವಾಯಿತು, ಜನ ಯಾರೂ ಬಾಕಿಯಾಗಲಿಲ್ಲ. ಮಾರ್ಕು ಎಂಬತ್ತೊಂದು.

ಇದನ್ನೆಲ್ಲ ಕೇಳಿ ನಾನು ಹೊಟ್ಟೆ ತುಂಬ ನಗುತ್ತಿದ್ದೆ. ಒಂದು ಸೋಮವಾರ ಹನ್ನೊಂದು ಗಂಟೆಗೆ, ನಾನು ಆಗಷ್ಟೇ ಬಂದು ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದಾಗ, ನಮ್ಮ ಕಚೇರಿಯ ಜಗಲಿಯ ಬೆಂಚಿನಲ್ಲಿ ಮಾವನವರು ಕಾಣಿಸಿದರು. ನಗು ಅಲ್ಲಿಗೆ ನಿಂತಿತು. ಅದು ಯಾವ ಕಚೇರಿ ಎಂದು ಹೇಳುವುದಿಲ್ಲ. ನಾನು ಅಲ್ಲಿ ಗುಮಾಸ್ತನಾಗಿದ್ದೆ ಎಂಬ ಅವಮಾನವೇ ಅದಕ್ಕೆ ಸಾಕು.

ಮಾವನವರು ಒಂದು ವಾರ ಕೂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಕಾಪಿ ಕಳಿಸಿದರೆ ಕುಡಿಯಲಿಲ್ಲ. ಆ ವಾರ ನಾನು ಪಟ್ಟ ಕಷ್ಟ ನನಗೇ ಗೊತ್ತು. ಕೆಲಸ ಮಾಡುವುದು ಅಷ್ಟು ಕಷ್ಟವಲ್ಲ. ಮಾಡುತ್ತಿರುವಂತೆ ಕಾಣಿಸುವುದು ಮಹಾ ಕಷ್ಟ. ಒಂದೇ ಫೈಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಇಟ್ಟೆ. ಹುಬ್ಬು ಗಂಟಿಕ್ಕಿ ಗೋಡೆಯ ಕ್ಯಾಲೆಂಡರನ್ನು ಓದಿದೆ. ಪೆನ್ನನ್ನು ಮಸಿಯಲ್ಲಿ ಅದ್ದಿ ಅದ್ದಿ ಇಟ್ಟೆ.

ಶನಿವಾರ ಸಂಜೆ ನಮ್ಮ ಮನೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಅಕ್ಷರಕ್ಕೆ ಎಂಟು. ಹಾಜರಿಗೆ ಮೂರು, ಏಕೆಂದರೆ ಶರೀರ ಮಾತ್ರ ಹಾಜರಿತ್ತಂತೆ. ಮಾತು ಸೊನ್ನೆ. ಕೆಲಸ ಸೊನ್ನೆ. ಪೆನ್ನು ಅದ್ದಿದ್ದು ಮೂವತ್ತನಾಲ್ಕು ಸಲ, ಬರೆದದ್ದು ನಾಲ್ಕು ಸಾಲು ಎಂದು ಷರಾ ಬೇರೆ. ಕಾಪಿ ತಂದಿದ್ದ ನನ್ನ ಹೆಂಡತಿ ಪಾಸಾಗಲು ಎಷ್ಟು ಬೇಕೆಂದು ಅಪ್ಪನನ್ನು ಕೇಳಿದಳು. ಮೂವತ್ತೈದು ಎಂದರು. ಅವಳು ನನ್ನ ಲೋಟವನ್ನು ಅಪ್ಪನ ಮುಂದೆಯೇ ಇಟ್ಟು ಒಳಗೆ ಹೋದಳು.

ನನಗೂ ಸಿಟ್ಟು ಬಂತು. ಕೆಲಸಕ್ಕೆ ಸೊನ್ನೆ ಹಾಕಿದ್ದು ಅನ್ಯಾಯವೆಂದು ವಾದಿಸಿದೆ. ಮಾವನವರು ನನಗೆ ಎಂದೂ ಏಕವಚನ ಬಳಸಿದವರಲ್ಲ. ಆ ದಿನವೂ ಮರ್ಯಾದೆಯಿಂದಲೇ ಕೇಳಿದರು: "ಬೆಂಚಿನಲ್ಲಿ ನನ್ನ ಹತ್ತಿರ ಕೂತುಕೊಳ್ಳುತ್ತಿದ್ದ ಹೆಂಗಸು ಯಾರು, ನಿಮಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಅವರೇ ಹೇಳಿದರು. ಶಿರಿಯದ ಆಸಿಯಮ್ಮ. ಗಂಡ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಮನೆಯ ಜಾಗ ಹೆಂಡತಿಯ ಹೆಸರಿಗೆ ಆಗಬೇಕು. ಆಗದಿದ್ದರೆ ಗಂಡನ ಅಣ್ಣ ಅವಳನ್ನೂ ಮೂರು ಹೆಣ್ಣುಮಕ್ಕಳನ್ನೂ ಹೊರಗೆ ಹಾಕುತ್ತಾನೆ. ಅರ್ಜಿ ನನ್ನ ಮೇಜಿನಲ್ಲೇ ಇತ್ತು. ಅದಕ್ಕಾಗಿ ಅವಳು ಒಂಬತ್ತು ಸಲ ಬಂದಿದ್ದಳು. ಗುಮಾಸ್ತರು ಯಾರೆಂದು ಮಾವನವರು ಕೇಳಿದ್ದಕ್ಕೆ ಅವಳು, "ಅವರ ಬೆನ್ನು ನನಗೆ ಗೊತ್ತುಂಟು ಮಾಷ್ಟ್ರೆ, ಮುಖ ಕಂಡಿಲ್ಲ" ಎಂದಳಂತೆ.

ನನ್ನ ಕುರ್ಚಿ ಬೆಂಚಿಗೆ ಬೆನ್ನು ಹಾಕಿತ್ತು. ಗಾಳಿ ಚೆನ್ನಾಗಿ ಬರುತ್ತದೆಂದು ನಾನೇ ಹಾಗೆ ತಿರುಗಿಸಿದ್ದೆ.

ಸೋಮವಾರ ಹತ್ತು ಗಂಟೆಗೇ ಹೋದೆ. ಜವಾನ ನನ್ನನ್ನು ಕಂಡು, ಮನೆಯಲ್ಲಿ ಎಂತಾದರೂ ತೊಂದರೆಯೇ ಎಂದು ಕೇಳಿದ. ಆಸಿಯಮ್ಮನ ಅರ್ಜಿ ಕಟ್ಟಿನ ತೀರ ಅಡಿಯಲ್ಲಿ ಸಿಕ್ಕಿತು. ಅದಕ್ಕೆ ಬೇಕಾಗಿದ್ದದ್ದು ನನ್ನ ಒಂದು ಸಾಲು, ಸಾಹೇಬರ ಒಂದು ಸಹಿ. ಎಂಟು ನಿಮಿಷದ ಕೆಲಸ. ಕುರ್ಚಿ ತಿರುಗಿಸಿ, ಬೆಂಚಿನಲ್ಲಿ ಕೂತಿದ್ದ ಅವಳನ್ನು ಕರೆದು ಕಾಗದ ಕೊಟ್ಟೆ. ಅವಳು ಕಾಗದವನ್ನು ತಲೆಗೆ ಹೊದ್ದಿದ್ದ ತಟ್ಟದ ಬಟ್ಟೆಯ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ಬೈಯುತ್ತಾಳೆಂದು ಕಾದೆ.

"ಇಷ್ಟು ಸಣ್ಣ ಪ್ರಾಯವಾ?" ಎಂದಳು. "ಕೆಲಸ ನೋಡಿ, ನಾನು ಯಾರೋ ಮುದುಕರು ಅಂತ ಗ್ರಹಿಸಿದ್ದೆ."

ಈಗಲಾದರೂ ಮೂವತ್ತೈದು ಸಿಕ್ಕೀತೆಂದು ಮಾವನವರ ಮುಂದೆ ನಿಂತೆ. ಮೇಜಿನ ಮೇಲೆ ಇನ್ನೂ ಎಷ್ಟು ಅರ್ಜಿ ಉಂಟು ಎಂದು ಕೇಳಿದರು. ಇಪ್ಪತ್ತೆರಡು ಎಂದೆ. ಹನ್ನೊಂದನ್ನು ಹೊಡೆದು ಹತ್ತೊಂಬತ್ತು ಮಾಡಿದರು. ಆ ಇಪ್ಪತ್ತೆರಡನ್ನು ಮುಗಿಸಲು ನನಗೆ ಎರಡು ತಿಂಗಳು ಹಿಡಿಯಿತು. ಪಾಸಾದ ದಿನ ನನ್ನ ಹೆಂಡತಿ ಪಾಯಸ ಮಾಡಿದಳು.

ಮರುವರ್ಷ ಮಾವನವರಿಗೆ ಪುಸ್ತಕದ ನಕಲನ್ನು ಕಲೆಕ್ಟರರಿಗೆ ಕಳಿಸಬೇಕೆಂದು ಮನಸ್ಸಾಯಿತು. ನಕಲು ಮಾಡುವ ಕೆಲಸ ನನಗೇ ಬಂತು. ಅಕ್ಷರದಲ್ಲಿ ಎಂಟು ತೆಗೆದವನು ನಮ್ಮ ಕಚೇರಿಯಲ್ಲಿ ನಾನೊಬ್ಬನೇ ಅಂತೆ. ಒಂದು ಭಾನುವಾರ ಬೆಳಿಗ್ಗೆ ಕುಂಜತ್ತೂರಿನ ಮನೆಯ ಚಾವಡಿಯಲ್ಲಿ ಕೂತು ಬರೆಯುತ್ತ ಹೋದೆ. ಕೊನೆಯ ಹಾಳೆಗೆ ಬಂದಾಗ ಕೈ ನಿಂತಿತು. ಮೇಲೆ ಅವರ ಶಾಲೆಯ ಹೆಸರು, ಅದರ ಪಕ್ಕ ಅವರದೇ ಹೆಸರು. ಕೆಳಗೆ ಮಕ್ಕಳ ಹೆಸರಿನ ಒಂದು ಉದ್ದ ಪಟ್ಟಿ. ಎಲ್ಲರೂ ನಡುವಿನಲ್ಲಿ ಶಾಲೆ ಬಿಟ್ಟವರು. ಒಬ್ಬೊಬ್ಬರ ಮುಂದೆ ಒಂದೊಂದು ಷರಾ. ತಾಯಿ ತೀರಿಕೊಂಡಳು, ಹೋಗಿ ವಿಚಾರಿಸಲಿಲ್ಲ. ಬೀಡಿ ಕಟ್ಟಲು ಹೋದಳು, ವಿಚಾರಿಸಲಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದ, ಹೊಡೆದೆ, ಮರುದಿನ ಬರಲಿಲ್ಲ. ಮಾರ್ಕಿನ ಕಾಲಂ ಖಾಲಿ.

ತಲೆ ಎತ್ತಿದೆ. ಮಾವನವರು ಅಂಗಳದ ಕಡೆ ಮುಖ ಮಾಡಿ ಕೂತಿದ್ದರು.

"ನಾನೂ ಸರ್ಕಾರದವನೇ ಅಲ್ವಾ," ಎಂದರು. "ನನ್ನದಕ್ಕೆ ನಾನೇ ಹಾಕಿದರೆ ಸರಿಯಾಗುವುದಿಲ್ಲ. ನೀವು ಹಾಕಿ. ಸಂಬಂಧ ನೋಡುವುದು ಬೇಡ."

ಪೆನ್ನು ಕೆಳಗಿಟ್ಟೆ. ಪುಸ್ತಕ ಎತ್ತಿಕೊಂಡು ಅವರ ಪಕ್ಕಕ್ಕೆ ಹೋಗಿ, ಆ ಎಡಗೈಯ ಹುಡುಗನ ಹೆಸರಿನ ಮೇಲೆ ಬೆರಳಿಟ್ಟು, ಇವನು ಈಗ ಎಲ್ಲಿದ್ದಾನೆ ಮಾವ ಎಂದು ಕೇಳಿದೆ. ಅವರಿಗೆ ಗೊತ್ತಿತ್ತು. ಅವನು ಎಲ್ಲಿದ್ದಾನೆ, ಎಷ್ಟು ಮಕ್ಕಳು, ಕೆಮ್ಮು ಕಡಿಮೆಯಾಗಿದೆಯೇ, ಎಲ್ಲ ಗೊತ್ತಿತ್ತು. ಅವನ ಮೇಲಿನವಳದ್ದೂ ಗೊತ್ತಿತ್ತು, ಕೆಳಗಿನವನದ್ದೂ. ಹೇಳುತ್ತ ಹೇಳುತ್ತ ಅವರ ಸ್ವರ ಒಡೆಯಿತು.

ಆಮೇಲೆ ಸ್ವರ ಸರಿಮಾಡಿಕೊಂಡು, "ಎಷ್ಟು ಹಾಕಿದಿರಿ?" ಎಂದು ಕೇಳಿದರು.

"ಇನ್ನೂ ಓದಿ ಆಗಲಿಲ್ಲ ಮಾವ," ಎಂದೆ. ಮುಂದಿನ ಹೆಸರಿನ ಮೇಲೆ ಬೆರಳಿಟ್ಟೆ.